ಹಳೆಯ ಮೋಟಾರ್‌ಸೈಕಲ್‌ನ ಕಾರ್ಬುರೇಟರ್ ಫ್ಲೋಟ್: ಪರೀಕ್ಷೆ, ಬೆಸುಗೆ, ಬದಲಾವಣೆ

ನಿಲ್ಲಿಸಿದಲ್ಲೇ ಪೆಟ್ರೋಲ್ ತೊಟ್ಟಿಕ್ಕುವ, ಐಡಲಿಂಗ್‌ನಲ್ಲಿ ಕಪ್ಪು ಹೊಗೆ ಬಿಡುವ, ಸ್ಪಾರ್ಕ್ ಪ್ಲಗ್‌ಗೆ ಪದೇ ಪದೇ ಮಸಿ ಹಿಡಿಯುವ ಹಳೆಯ ಮೋಟಾರ್‌ಸೈಕಲ್ ಕಂಡಾಗ ಹೆಚ್ಚಿನವರ ಕೈ ಮೊದಲು ಹೋಗುವುದು ಪೆಟ್ರೋಲ್ ಹಾಯಿಸುವ ಸಣ್ಣ ತೂತಿನ ಜೆಟ್ ಮತ್ತು ಸ್ಕ್ರೂಗಳ ಕಡೆಗೆ. ಆದರೆ ಮೊದಲು ನೋಡಬೇಕಾದದ್ದು ಫ್ಲೋಟನ್ನು. ಕಾರ್ಬುರೇಟರ್‌ನ ತಳದ ಬಟ್ಟಲಾದ ಬೌಲ್‌ನಲ್ಲಿ ಪೆಟ್ರೋಲ್ ಏರಿದಂತೆ ತೇಲಿ ಮೇಲೆ ಬಂದು ನೀಡಲ್ ವಾಲ್ವನ್ನು ಸೀಟಿಗೆ ಒತ್ತಿ ಹರಿವನ್ನು ತಡೆಯುವ, ಪೆಟ್ರೋಲ್ ಇಳಿದಾಗ ತಾನೂ ಇಳಿದು ದಾರಿ ಬಿಡುವ ಈ ಪುಟ್ಟ ಭಾಗವೇ ಜೆಟ್‌ಗಳ ಸುತ್ತಲಿನ ಪೆಟ್ರೋಲ್ ಮಟ್ಟವನ್ನು ಕಾಯುತ್ತದೆ. ಮಟ್ಟ ಹೆಚ್ಚಾದರೆ ಮಿಶ್ರಣದಲ್ಲಿ ಪೆಟ್ರೋಲ್ ಅತಿಯಾಗುತ್ತದೆ. ಕಡಿಮೆಯಾದರೆ ಎಂಜಿನ್ ಅತಿಯಾಗಿ ಕಾಯುತ್ತದೆ ಮತ್ತು ಥ್ರಾಟಲ್ ತಿರುಗಿಸಿದಾಗ ಮುಗ್ಗರಿಸುತ್ತದೆ. ಮಟ್ಟ ಸರಿಯಾಗುವವರೆಗೆ ಯಾವ ಜೆಟ್ ಹಾಕಿದರೂ ಅದರ ಪರಿಣಾಮವನ್ನು ನಂಬುವಂತಿಲ್ಲ.

ಕೆಲಸವನ್ನು ಬಯಲಿನಲ್ಲಿ ಅಥವಾ ಗಾಳಿಯಾಡುವ ಜಾಗದಲ್ಲಿ, ಬೆಂಕಿ ಮತ್ತು ಕಿಡಿಯಿಂದ ದೂರದಲ್ಲಿ ಮಾಡಬೇಕು. ಪೆಟ್ರೋಲ್ ಕಾಕ್ ಮುಚ್ಚಿ, ಬೌಲ್ ಖಾಲಿ ಮಾಡಿ, ಅದನ್ನು ಬಿಚ್ಚಿ, ಫ್ಲೋಟಿನ ಪಿನ್ನನ್ನು ಮೆಲ್ಲಗೆ ಹೊರತೆಗೆಯಿರಿ. ಪಿನ್ ಬಿಗಿಯಾಗಿದ್ದರೆ ಬಲವಾಗಿ ಹೊಡೆಯಬಾರದು. ಅದನ್ನು ಹಿಡಿದಿರುವ ಎರಕದ ಕಂಬಗಳು ಮುರಿದರೆ ಕಾರ್ಬುರೇಟರ್‌ನ ದೇಹವನ್ನೇ ಬದಲಿಸಬೇಕಾದೀತು. ಬೌಲ್‌ನ ತಳದಲ್ಲಿ ತುಕ್ಕಿನ ಪುಡಿ ಅಥವಾ ಕೆಸರು ಕಂಡರೆ ಫ್ಲೋಟಿನ ಮೇಲೆ ಆರೋಪ ಹೊರಿಸುವ ಮುನ್ನ ಟ್ಯಾಂಕ್ ಮತ್ತು ಫಿಲ್ಟರ್ ಸ್ವಚ್ಛಗೊಳಿಸಿ. ಸೀಟಿನಲ್ಲಿ ಸಿಕ್ಕಿದ ಒಂದು ಕಣವೂ ಪೆಟ್ರೋಲ್ ಉಕ್ಕಿ ಹರಿಯಲು ಸಾಕು. ಉಕ್ಕಿದ ಪೆಟ್ರೋಲ್ ಎಷ್ಟೋ ಸಲ ಸಿಲಿಂಡರ್ ಮೂಲಕ ಎಂಜಿನ್ ಆಯಿಲ್‌ಗೂ ಸೇರುತ್ತದೆ. ಆಯಿಲ್ ಪೆಟ್ರೋಲ್ ವಾಸನೆ ಹೊಡೆಯುತ್ತಿದ್ದರೆ ಅದನ್ನು ಬದಲಿಸದೆ ಎಂಜಿನ್ ಚಾಲೂ ಮಾಡಬೇಡಿ.

ಫ್ಲೋಟ್ ಸೋರುತ್ತಿದೆಯೇ?

ಹಿತ್ತಾಳೆಯ ಫ್ಲೋಟನ್ನು ಕಿವಿಯ ಬಳಿ ಹಿಡಿದು ಅಲುಗಿಸಿದಾಗ ಒಳಗೆ ದ್ರವದ ಸದ್ದು ಕೇಳಿದರೆ ಅದು ಸೋರುತ್ತಿದೆ ಎಂದೇ ಅರ್ಥ. ರಂಧ್ರ ಎಲ್ಲಿದೆ ಎಂದು ತಿಳಿಯಲು ನೀರನ್ನು ಬೇರೆಡೆ ಬಿಸಿ ಮಾಡಿ ತಂದು, ಒಲೆಯಿಂದ ದೂರದಲ್ಲಿ ಫ್ಲೋಟನ್ನು ಅದರಲ್ಲಿ ಮುಳುಗಿಸಿ ಹಿಡಿಯಿರಿ. ಬಿಸಿಗೆ ಒಳಗಿನ ಗಾಳಿಯೂ ಆವಿಯೂ ಹಿಗ್ಗಿ, ರಂಧ್ರವಿರುವ ಕಡೆಯಿಂದ ಗುಳ್ಳೆಗಳ ಸಾಲು ಹೊರಡುತ್ತದೆ. ಅದು ಹೆಚ್ಚಾಗಿ ಅಂಚಿನ ಹಳೆಯ ಬೆಸುಗೆಯಲ್ಲೇ ಇರುತ್ತದೆ.

ಮುಂದಿನ ಹಂತವಾದ ಬೆಸುಗೆಯೇ ಅತ್ಯಂತ ಎಚ್ಚರದ್ದು. ಒಳಗೆ ಪೆಟ್ರೋಲ್ ಅಥವಾ ಅದರ ಆವಿ ಉಳಿದಿರುವ ಫ್ಲೋಟಿಗೆ ಕಾದ ಸೋಲ್ಡರಿಂಗ್ ಐರನ್ ತಾಗಿಸಿದರೆ ಅದು ಸಿಡಿಯಬಹುದು. ಆದ್ದರಿಂದ ಸಣ್ಣ ರಂಧ್ರವೊಂದನ್ನು ಕೈ ಡ್ರಿಲ್‌ನಿಂದ ಕೊರೆದು, ದ್ರವವನ್ನು ಪೂರ್ತಿ ಬಸಿದು, ಬಿಸಿನೀರಿನಲ್ಲಿ ಮತ್ತೆ ಮತ್ತೆ ತೊಳೆದು, ವಾಸನೆ ಸಂಪೂರ್ಣ ಹೋಗುವವರೆಗೆ ಹಲವು ದಿನ ಒಣಗಲು ಬಿಡಬೇಕು. ಆಮೇಲೆ ಸೋರುವ ಜಾಗವನ್ನು ಉಜ್ಜಿ ಹೊಳಪು ಬರಿಸಿ, ಬೆಸುಗೆ ಹಿಡಿಯಲು ನೆರವಾಗುವ ಫ್ಲಕ್ಸ್ ಹಚ್ಚಿ, ಸೋಲ್ಡರಿಂಗ್ ಐರನ್‌ನಿಂದ ತೆಳ್ಳಗೆ ಬೆಸುಗೆ ಹಾಕಿ. ಜ್ವಾಲೆಯ ಟಾರ್ಚ್ ಬೇಡ. ಸಾಮಾನ್ಯ ತವರ-ಸೀಸದ ಬೆಸುಗೆ 183 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕರಗುವುದರಿಂದ ಟಾರ್ಚಿನ ಬಿಸಿಗೆ ಉಳಿದ ಜೋಡಣೆಗಳೂ ಬಿಟ್ಟುಕೊಳ್ಳುತ್ತವೆ. ನೀವೇ ಕೊರೆದ ರಂಧ್ರವನ್ನು ಕೊನೆಗೆ, ಫ್ಲೋಟ್ ಪೂರ್ತಿ ತಣ್ಣಗಾದ ಮೇಲೆ ಬೇಗನೆ ಮುಚ್ಚಬೇಕು, ಏಕೆಂದರೆ ಕಾದು ಹಿಗ್ಗಿದ ಗಾಳಿ ಹಸಿ ಬೆಸುಗೆಯನ್ನು ಒಳಗಿನಿಂದ ತಳ್ಳಿ ಮತ್ತೆ ತೂತು ಮಾಡುತ್ತದೆ. ಬೆಸುಗೆಯ ಪ್ರತಿ ಹನಿಯೂ ತೂಕವೇ ಎಂಬುದು ನೆನಪಿರಲಿ: ಭಾರವಾದ ಫ್ಲೋಟ್ ಹೆಚ್ಚು ಮುಳುಗಿ, ವಾಲ್ವನ್ನು ತಡವಾಗಿ ಮುಚ್ಚಿ, ಮಟ್ಟವನ್ನು ಏರಿಸುತ್ತದೆ.

ನೊರೆಯಂಥ ಪ್ಲಾಸ್ಟಿಕ್‌ನಿಂದ ಮಾಡಿದ ಫ್ಲೋಟುಗಳಿಗೆ ಈ ರಿಪೇರಿ ಸಲ್ಲದು. ಅವು ವರ್ಷಗಳು ಕಳೆದಂತೆ ಪೆಟ್ರೋಲ್ ಹೀರಿಕೊಂಡು ಭಾರವಾಗುತ್ತವೆ, ಕಣ್ಣಿಗೆ ಮಾತ್ರ ಸರಿಯಾಗಿಯೇ ಕಾಣುತ್ತವೆ. ಸೂಕ್ಷ್ಮ ತಕ್ಕಡಿಯಲ್ಲಿ ತೂಗಿ, ತಯಾರಕರು ಕೊಟ್ಟ ತೂಕಕ್ಕೆ ಅಥವಾ ಅದೇ ಮಾದರಿಯ ಹೊಸ ಫ್ಲೋಟಿಗೆ ಹೋಲಿಸಿ ನೋಡುವುದೇ ದಾರಿ.

ಹೊಸದನ್ನು ಆರಿಸುವಾಗ

ಇಂದಿನ ಪೆಟ್ರೋಲ್‌ನಲ್ಲಿ ಎಥನಾಲ್ ಬೆರೆತಿರುವುದೇ ಬದಲಾವಣೆಗೆ ದೊಡ್ಡ ಕಾರಣ. ಹಳೆಯ ಕೆಲವು ಪ್ಲಾಸ್ಟಿಕ್‌ಗಳನ್ನೂ ರಬ್ಬರನ್ನೂ ಅದು ಉಬ್ಬಿಸುತ್ತದೆ ಇಲ್ಲವೇ ಬಿರುಕು ಬಿಡಿಸುತ್ತದೆ. 1967ರಲ್ಲಿ ಬಂದ, ಬ್ರಿಟಿಷ್ ಮೋಟಾರ್‌ಸೈಕಲ್‌ಗಳಲ್ಲಿ ವ್ಯಾಪಕವಾಗಿ ಬಳಕೆಯಾದ ಅಮಲ್ ಕಾನ್ಸೆಂಟ್ರಿಕ್ ಕಾರ್ಬುರೇಟರ್‌ಗೆ ಈಗ ‘ಸ್ಟೇಅಪ್’ ಹೆಸರಿನ ಎಥನಾಲ್ ತಾಳುವ ಫ್ಲೋಟ್ ಸಿಗುತ್ತದೆ. ಅದರ ನಿಜವಾದ ಗುಣ ನೀಡಲನ್ನು ಆಡಿಸುವ, ಬಾಗಿಸಬಹುದಾದ ಲೋಹದ ನಾಲಿಗೆ. ಮೊದಲಿನ ಪ್ಲಾಸ್ಟಿಕ್ ಫ್ಲೋಟಿನಲ್ಲಿ ಅಂಥ ಸೌಲಭ್ಯವಿಲ್ಲದೆ, ಮಟ್ಟ ಸರಿಪಡಿಸಲು ಬೌಲನ್ನು ಬಿಸಿ ಮಾಡಿ ಸೀಟನ್ನೇ ಸರಿಸಬೇಕಿತ್ತು. ಫ್ಲೋಟಿನ ಜೊತೆಗೆ ನೀಡಲನ್ನೂ ಬದಲಿಸುವುದು ಒಳ್ಳೆಯದು: ತುದಿಯಲ್ಲಿ ಸವೆತದ ಉಂಗುರ ಮೂಡಿದ ಹಳೆಯ ನೀಡಲ್ ಎಷ್ಟೇ ಒಳ್ಳೆಯ ಫ್ಲೋಟಿದ್ದರೂ ಸೋರುತ್ತದೆ. ವೈಟಾನ್ ಎಂಬ, ಪೆಟ್ರೋಲ್ ತಾಳುವ ರಬ್ಬರಿನ ತುದಿಯ ನೀಡಲ್ ಹೆಚ್ಚು ಬಿಗಿಯಾಗಿ ಕೂರುತ್ತದೆ.

ಹೊಸ ಭಾಗ ಕೂರಿಸಿದ ಮಾತ್ರಕ್ಕೆ ಕೆಲಸ ಮುಗಿಯದು. ಫ್ಲೋಟ್ ಅಲುಗಿದಾಗ ಬೌಲ್‌ನ ಗೋಡೆಗಾಗಲಿ ಗ್ಯಾಸ್ಕೆಟ್‌ಗಾಗಲಿ ತಾಗಬಾರದು, ಪಿನ್ ಮೇಲೆ ಸ್ವಂತ ಭಾರದಿಂದಲೇ ಬೀಳುವಂತಿರಬೇಕು. ಬಳಿಕ ಕೈಪಿಡಿಯಲ್ಲಿರುವ ಎತ್ತರಕ್ಕೆ ಹೊಂದಿಸಿ. ನಾಲಿಗೆಯನ್ನು ಬಾಗಿಸುವಾಗ ನೀಡಲನ್ನು ಸೀಟಿಗೆ ಒತ್ತಿ ಹಿಡಿಯಬಾರದು, ಮೆತ್ತನೆಯ ತುದಿ ಹಾಳಾಗುತ್ತದೆ. ಒಂದು ಸಲಕ್ಕೆ ಕೂದಲೆಳೆಯಷ್ಟು ಬಾಗಿಸಿದರೆ ಸಾಕು.

ಎತ್ತರದ ಅಳತೆಗಿಂತ ನಾನು ಹೆಚ್ಚು ನೆಚ್ಚುವುದು ದ್ರವದ ಮಟ್ಟವನ್ನೇ. ಬೌಲ್‌ನ ಡ್ರೈನ್‌ಗೆ ಪಾರದರ್ಶಕ ನಳಿಕೆ ಜೋಡಿಸಿ, ಅದನ್ನು ಬೌಲ್‌ನ ಪಕ್ಕದಲ್ಲಿ ಮೇಲ್ಮುಖವಾಗಿ ಹಿಡಿದು, ಮೋಟಾರ್‌ಸೈಕಲನ್ನು ನೇರವಾಗಿ ನಿಲ್ಲಿಸಿ ಕಾಕ್ ತೆರೆದರೆ ಒಳಗಿನ ಮಟ್ಟ ಹೊರಗೇ ಕಾಣುತ್ತದೆ. ಐದು ನಿಮಿಷ ಬಿಟ್ಟು ನೋಡಿದಾಗಲೂ ಅದು ಮೆಲ್ಲಗೆ ಏರುತ್ತಲೇ ಇದ್ದರೆ ನೀಡಲ್ ಪೂರ್ತಿ ಮುಚ್ಚುತ್ತಿಲ್ಲ. ಸ್ಥಿರವಾಗಿ ನಿಂತರೆ ಆ ಮಟ್ಟವನ್ನು ಕೈಪಿಡಿಯ ಅಳತೆಗೆ ಹೋಲಿಸಿ, ವ್ಯತ್ಯಾಸವಿದ್ದರೆ ನಾಲಿಗೆಯನ್ನು ಮತ್ತೊಮ್ಮೆ ಸರಿಪಡಿಸಿ. ಮೊದಲ ಸವಾರಿಯ ನಂತರ ಬೌಲ್‌ನ ಸುತ್ತ ತೇವವಿದೆಯೇ ನೋಡಿಕೊಳ್ಳಿ. ವಾರಗಟ್ಟಲೆ ಓಡಿಸುವುದಿಲ್ಲವಾದರೆ ಕಾಕ್ ಮುಚ್ಚಿ ಬೌಲ್‌ನ ಪೆಟ್ರೋಲ್ ಬಸಿದಿಡಿ.