ರೆಸಾರ್ಟ್ ಇಂಟರ್‌ವ್ಯೂಗೆ ಹೋಗುವ ಮುಂಚೆ ನಮ್ಮೂರನ್ನೇ ಒಮ್ಮೆ ಓದಿಕೊಳ್ಳಿ

ಕೊಡಗು ಬಿಡದೆ ಕೆಲಸ ಹುಡುಕುವವರಿಗೆ ಮೊದಲು ಕಣ್ಣಿಗೆ ಬೀಳುವುದು ರೆಸಾರ್ಟು. ಫ್ರಂಟ್ ಆಫೀಸಿಗೆ, ಅಂದರೆ ಗೆಸ್ಟ್‌ಗಳನ್ನು ಬರಮಾಡಿಕೊಳ್ಳುವ ಕೌಂಟರ್ ಕೆಲಸಕ್ಕೆ, ಕರೆ ಬಂತು ಅಂದ ತಕ್ಷಣ ಯೂಟ್ಯೂಬ್ ಹಾಕಿಕೊಂಡು ಇಂಗ್ಲಿಷ್ ಉತ್ತರ ಬಾಯಿಪಾಠ ಮಾಡೋಕೆ ಕೂರುತ್ತಾರೆ. ಮಾಡಿ, ಬೇಡ ಅನ್ನಲ್ಲ. ಆದರೆ ಅದೇ ಉತ್ತರವನ್ನು ಆ ಮ್ಯಾನೇಜರ್ ಬೆಳಗ್ಗೆಯಿಂದ ಕೇಳಿ ಕೇಳಿ ಸುಸ್ತಾಗಿರುತ್ತಾರೆ. ಹೊರಗಿನಿಂದ ಬಂದವರಿಗಿಲ್ಲದ ಬಂಡವಾಳ ನಿಮ್ಮ ಹತ್ತಿರ ಇದೆ, ಈ ಊರು ನಿಮಗೆ ಗೊತ್ತು. ಅದನ್ನು ಕೇಳಿದಾಗ ತಡವರಿಸದೆ ಹೇಳೋಕೆ ಬರಬೇಕು ಅಷ್ಟೇ.

ಇಂಥದ್ದೊಂದು ಪ್ರಶ್ನೆ ಬಂತು ಅಂದುಕೊಳ್ಳಿ: ಜುಲೈ ತಿಂಗಳು, ಜೋರು ಮಳೆ, ಗೆಸ್ಟ್ ಜೊತೆ ಮಂಡಿನೋವಿನ ಅಜ್ಜಿ, ಕೈಯಲ್ಲಿರೋದು ಒಂದೇ ದಿನ, ಎಲ್ಲಿಗೆ ಕಳಿಸ್ತೀರಿ? ಅಬ್ಬಿ ಜಲಪಾತ, ದುಬಾರೆ ಆನೆ ಶಿಬಿರ, ಮಾಂದಲಪಟ್ಟಿ ಬೆಟ್ಟ ಅಂತ ಪಟ್ಟಿ ಒದರಿದರೆ ಅಲ್ಲಿಗೆ ಮುಗೀತು. ಅಬ್ಬಿಯಲ್ಲಿ ಮೆಟ್ಟಿಲು ಇಳಿದು ಹತ್ತಬೇಕು. ಹೊಳೆ ತುಂಬಿದರೆ ದುಬಾರೆಯ ಬೋಟು ನಿಲ್ಲುತ್ತದೆ. ಮಾಂದಲಪಟ್ಟಿಗೆ ಜೀಪಿನಲ್ಲಿ ಕುಲುಕಿಕೊಂಡು ಹೋದರೆ ಕಾಣೋದು ಬರೀ ಮಂಜು. "ಕುಶಾಲನಗರದ ಕಡೆ ಮಳೆ ಕಡಿಮೆ, ಬೈಲಕುಪ್ಪೆಯ ಗೋಲ್ಡನ್ ಟೆಂಪಲ್‌ಗೆ ಕಳಿಸ್ತೀನಿ, ಅಲ್ಲಿ ಹತ್ತೋದು ಇಳಿಯೋದು ಜಾಸ್ತಿ ಇಲ್ಲ, ಹೊರಡುವ ಮುಂಚೆ ರಸ್ತೆ ಹೇಗಿದೆ ಅಂತ ಡ್ರೈವರ್‌ಗೆ ಫೋನ್ ಮಾಡಿ ಕೇಳ್ತೀನಿ" ಅನ್ನಿ. ನಿಮ್ಮ ಇಂಗ್ಲಿಷ್ ಅಲ್ಲಲ್ಲಿ ಮುಗ್ಗರಿಸಿದರೂ ಈ ಉತ್ತರ ನಿಲ್ಲುತ್ತದೆ.

ದಾರಿಗಳನ್ನೂ ತಿಳಿದುಕೊಂಡಿರಿ. ಕೊಡಗಿಗೆ ರೈಲಿಲ್ಲ, ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಕಣ್ಣೂರು ವಿಮಾನ ನಿಲ್ದಾಣ 2018ರ ಡಿಸೆಂಬರ್‌ನಲ್ಲಿ ಶುರುವಾದ ಮೇಲೆ ವಿರಾಜಪೇಟೆ ಕಡೆಗೆ ಮಾಕುಟ್ಟ ಘಾಟಿಯ ದಾರಿಯೇ ಹತ್ತಿರ.

ಕಾಫಿ ಬಗ್ಗೆ ಕೇಳೇ ಕೇಳ್ತಾರೆ. ತೋಟದ ಮನೆಯಲ್ಲೇ ಬೆಳೆದವರೂ ಇಲ್ಲಿ ತಡವರಿಸುತ್ತಾರೆ, ನೋಡಿದ್ದೇನೆ. ರೋಬಸ್ಟಾದಲ್ಲಿ ಅರೇಬಿಕಾಕ್ಕಿಂತ ಹೆಚ್ಚುಕಮ್ಮಿ ಎರಡು ಪಟ್ಟು ಕೆಫೀನ್. ಮಾರ್ಚ್ ಏಪ್ರಿಲ್‌ನ ಹೂಮಳೆ ಬಿದ್ದ ಕೆಲವೇ ದಿನಕ್ಕೆ ಕಾಫಿ ಹೂ ಬಿಟ್ಟು ತೋಟ ಬೆಳ್ಳಗಾಗುತ್ತದೆ. ಅರೇಬಿಕಾ ಮೊದಲು ಹಣ್ಣಾಗುತ್ತದೆ, ರೋಬಸ್ಟಾ ಕುಯ್ಲು ಆಮೇಲೆ. ನೆರಳಿನ ಮರಕ್ಕೆ ಹಬ್ಬಿರೋದು ಕಾಳುಮೆಣಸಿನ ಬಳ್ಳಿ. ಇಷ್ಟನ್ನು ಕನ್ನಡದಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ ಮನೆಯವರ ಮುಂದೆ ಜೋರಾಗಿ ಹೇಳಿ ನೋಡಿ. ತಂಗಿ ನಕ್ಕರೆ ನಗಲಿ ಬಿಡಿ.

ಕೊಡವ ತಕ್ಕ್, ಮಲಯಾಳ, ತುಳು, ಅರೆಭಾಷೆ, ಯಾವುದು ಬಂದರೂ ಬಯೋಡೇಟಾದಲ್ಲಿ ಬರೆಯಿರಿ. ಕೇರಳದ ಗೆಸ್ಟ್ ಬಂದಾಗ ನಿಮ್ಮ ಮಲಯಾಳಕ್ಕೆ ಬೆಲೆ ಗೊತ್ತಾಗುತ್ತದೆ.

ಮಳೆಗಾಲದಲ್ಲಾದರೆ ಮಾರ್ಕ್ಸ್ ಕಾರ್ಡು, ಆಧಾರ್ ಎಲ್ಲ ಪ್ಲಾಸ್ಟಿಕ್ ಕವರಿನೊಳಗೆ ಇರಲಿ. ಚಪ್ಪಲಿ ಹಾಕಿ, ಪ್ಯಾಂಟ್ ಮಡಚಿಕೊಂಡು ಹೋಗಿ, ಗೇಟಿನ ಹತ್ತಿರ ಕಾಲು ಒರೆಸಿ ಶೂ ಹಾಕಿಕೊಳ್ಳಿ, ಕೆಸರು ಮೆತ್ತಿದ ಅಂಚು ಕೂತಾಗ ಮೊದಲು ಕಾಣೋದು. ಬಸ್ಸನ್ನು ನಂಬಬೇಡಿ, ಸಾಧ್ಯವಾದರೆ ಹಿಂದಿನ ದಿನವೇ ಹತ್ತಿರದ ನೆಂಟರ ಮನೆ ಸೇರಿಕೊಳ್ಳಿ. ವಿಡಿಯೋ ಕಾಲ್ ಅಂದರೆ ಇನ್ನೂ ಕಷ್ಟ. ಕರೆಂಟ್ ಹೋದರೆ ಟವರೂ ಹೋಗುತ್ತೆ ಅಲ್ವಾ, ಪೇಟೆಯಲ್ಲಿರುವ ಯಾರದ್ದಾದರೂ ಮನೆಯಲ್ಲಿ ಕೂತು ಮಾತಾಡಿ.

ಸಂಬಳದ ಮಾತು ಬಂದಾಗ ನಾಚಿಕೊಂಡು ಸುಮ್ನೆ ತಲೆಯಾಡಿಸಬೇಡಿ. ಊಟ, ರೂಮು ಅದರಲ್ಲೇ ಸೇರಿದೆಯಾ, ಬ್ರೇಕ್ ಶಿಫ್ಟ್ (ಮಧ್ಯೆ ಕೆಲವು ಗಂಟೆ ಬಿಡುವು ಕೊಟ್ಟು ಒಂದೇ ದಿನ ಎರಡು ಸಲ ದುಡಿಸೋದು) ಇದೆಯಾ, ವಾರದ ರಜೆ ಯಾವತ್ತು, ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ನೌಕರರ ಆರೋಗ್ಯ ವಿಮೆ) ಕಟ್ಟುತ್ತಾರಾ, ಕೇಳಿ. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳ ಇಎಸ್‌ಐ ಮಿತಿಯೊಳಗೆ ಬರುತ್ತದೆ. ಯೂನಿಫಾರ್ಮಿಗೆ, ರಿಜಿಸ್ಟ್ರೇಷನ್ನಿಗೆ ಅಂತ ಮೊದಲೇ ದುಡ್ಡು ಕೇಳಿದರೆ ಕೊಡದೆ ಎದ್ದು ಬನ್ನಿ.

ರಜೆ ವಿಷಯ ಮಾತ್ರ ಅಲ್ಲೇ ನೇರವಾಗಿ ಮಾತಾಡಿ ಮುಗಿಸಿ. ದಸರಾ, ಕ್ರಿಸ್‌ಮಸ್ ಅಂದರೆ ರೆಸಾರ್ಟ್ ತುಂಬಿ ತುಳುಕುವ ಸಮಯ, ಆಗ ರಜೆ ಕೇಳೋ ಹಾಗೇ ಇಲ್ಲ ಅಂದುಕೊಳ್ಳಿ. ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಮನೆಯಲ್ಲಿರಲೇಬೇಕು ಅಂತಿದ್ದರೆ ಈಗಲೇ ಹೇಳಿ, ಬದಲಿಗೆ ಯಾವ ಹಬ್ಬದ ದಿನ ಕೆಲಸ ಮಾಡ್ತೀರಿ ಅಂತಲೂ ಹೇಳಿ. ಅವರು ಒಪ್ಪಿದ್ದನ್ನು, ಸಂಬಳ ಮತ್ತು ಸೇರುವ ದಿನಾಂಕದ ಜೊತೆಗೆ, ಮೇಲ್‌ನಲ್ಲೋ ವಾಟ್ಸಾಪ್‌ನಲ್ಲೋ ಬರೆಸಿಕೊಳ್ಳಿ.