ಶೀತಲ ಸಮರದ ಹುಟ್ಟು, ಬೆಳವಣಿಗೆಗಳನ್ನು ಎರಡು ಅಂಕಣದ ಪುಸ್ತಕದಲ್ಲಿ ಬರೆದು ಓದುವ ಕ್ರಮ

ಕಬ್ಬನ್ ಉದ್ಯಾನದ ಕೇಂದ್ರ ಗ್ರಂಥಾಲಯದಲ್ಲಿಯೋ ವಿಜಯನಗರದ ಓದುಕೊಠಡಿಗಳಲ್ಲಿಯೋ ದಿನವಿಡೀ ಕುಳಿತು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಸಿದ್ಧರಾಗುವ ಅನೇಕರು ಶೀತಲ ಸಮರದ ಕಾರಣವನ್ನು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ: ಬಂಡವಾಳಶಾಹಿಯೂ ಕಮ್ಯುನಿಸಮ್ಮೂ ಪರಸ್ಪರ ವಿರೋಧಿಗಳು, ಆದ್ದರಿಂದ ಅಮೆರಿಕಕ್ಕೂ ಸೋವಿಯತ್ ಒಕ್ಕೂಟಕ್ಕೂ ಹಗೆ ಬೆಳೆಯಿತು. ಈ ಉತ್ತರ ಸುಳ್ಳೇನಲ್ಲ, ಆದರೆ ಇದರಿಂದ ಏನೂ ತಿಳಿಯುವುದಿಲ್ಲ. ಆ ಸಿದ್ಧಾಂತಗಳು 1917ರ ರಷ್ಯಾ ಕ್ರಾಂತಿಯಿಂದಲೂ ಎದುರುಬದುರಾಗಿಯೇ ಇದ್ದವು. ಹಾಗಿದ್ದೂ ಅಮೆರಿಕ 1933ರಲ್ಲಿ ಸೋವಿಯತ್ ಸರ್ಕಾರಕ್ಕೆ ಮಾನ್ಯತೆ ಕೊಟ್ಟಿತು, 1941ರಿಂದ 1945ರವರೆಗೆ ಎರಡೂ ದೇಶಗಳು ಒಂದೇ ಪಾಳೆಯದಲ್ಲಿ ನಿಂತು ಹಿಟ್ಲರನ ವಿರುದ್ಧ ಹೋರಾಡಿದವು. ಹಳೆಯ ಭಿನ್ನಾಭಿಪ್ರಾಯವು ಹೊಸ ಪೈಪೋಟಿಯಾಗಿ ತಿರುಗಿದ ಬಗೆಯನ್ನು ಹಿಡಿಯಲು ನಾನು ಬಳಸುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಅವೆನ್ಯೂ ರಸ್ತೆಯಲ್ಲಿ ಸಿಗುವ ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ಕೊಂಡು, ಪುಟದ ನಡುವೆ ದಿನಾಂಕಕ್ಕೆ ಕಿರಿದಾದ ಜಾಗ ಬಿಟ್ಟು, ಎಡಕ್ಕೆ ವಾಷಿಂಗ್ಟನ್ ಎಂದೂ ಬಲಕ್ಕೆ ಮಾಸ್ಕೋ ಎಂದೂ ತಲೆಬರಹ ಹಾಕಿಕೊಳ್ಳಿ. ಪ್ರತಿಯೊಂದು ಘಟನೆಯನ್ನೂ ಎರಡು ಕಡೆಯಲ್ಲೂ ಬರೆಯಬೇಕು: ಮಾಡಿದವರ ಅಂಕಣದಲ್ಲಿ ಅವರು ಯಾವ ಭಯದಿಂದ ಅಥವಾ ಯಾವ ಲಾಭಕ್ಕಾಗಿ ಹಾಗೆ ಮಾಡಿದರು ಎಂಬುದನ್ನು, ಎದುರಿನ ಅಂಕಣದಲ್ಲಿ ಅದು ಅಲ್ಲಿನವರಿಗೆ ಹೇಗೆ ಕಂಡಿತು ಎಂಬುದನ್ನು. ಒಂದು ಕಡೆ ಖಾಲಿ ಉಳಿದರೆ ಆ ಘಟನೆಯನ್ನು ನೀವಿನ್ನೂ ಅರ್ಧವೇ ಓದಿದ್ದೀರಿ ಎಂದು ತಿಳಿಯಿರಿ. ‘ಆಕ್ರಮಣಕಾರಿ’, ‘ಕುತಂತ್ರಿ’ ಮುಂತಾದ ವಿಶೇಷಣಗಳನ್ನು ಈ ಹಂತದಲ್ಲಿ ಬರೆಯಲೇಬೇಡಿ.

ಮೊದಲ ಪುಟವನ್ನು ಸಾವಿನ ಲೆಕ್ಕದಿಂದ ತೆರೆಯಿರಿ. ಎರಡನೆಯ ಮಹಾಯುದ್ಧದಲ್ಲಿ ಸೋವಿಯತ್ ಒಕ್ಕೂಟ ಸುಮಾರು 2.7 ಕೋಟಿ ಜನರನ್ನು ಕಳೆದುಕೊಂಡಿತು. ಅಮೆರಿಕದ ಕಡೆ ಸತ್ತ ಯೋಧರು ಸುಮಾರು 4 ಲಕ್ಷ. ಮೂವತ್ತು ವರ್ಷಗಳೊಳಗೆ ಎರಡು ಬಾರಿ ಜರ್ಮನಿಯೊಡನೆ ಸೆಣಸಿದ್ದ ಮಾಸ್ಕೋಗೆ ಪೋಲೆಂಡಿನಲ್ಲಿ ತನ್ನ ಮಾತು ಕೇಳುವ ಸರ್ಕಾರವಿರುವುದು ಭದ್ರತೆಯ ಪ್ರಶ್ನೆಯಾಗಿತ್ತು. 1945ರ ಫೆಬ್ರುವರಿಯಲ್ಲಿ ಮಿತ್ರರಾಷ್ಟ್ರಗಳ ಯಾಲ್ಟಾ ಸಭೆಯಲ್ಲಿ ಸೋವಿಯತ್ ನಾಯಕ ಸ್ಟಾಲಿನ್ ಒಪ್ಪಿದ್ದ ಮುಕ್ತ ಚುನಾವಣೆ ಅಲ್ಲಿ ನಡೆಯದಿದ್ದಾಗ ವಾಷಿಂಗ್ಟನ್ ಅದನ್ನು ವಚನಭಂಗವೆಂದು ಬರೆದುಕೊಂಡಿತು. ಅದೇ ವರ್ಷ ಜುಲೈ 16ರಂದು ಅಮೆರಿಕ ಮೊದಲ ಅಣುಬಾಂಬನ್ನು ಪರೀಕ್ಷಿಸಿತು. ಜುಲೈ 24ರಂದು ಪಾಟ್ಸ್‌ಡ್ಯಾಮಿನಲ್ಲಿ ಅಮೆರಿಕದ ಅಧ್ಯಕ್ಷ ಟ್ರೂಮನ್, ವಿವರ ಹೇಳದೆ, ಅಸಾಧಾರಣ ಶಕ್ತಿಯ ಹೊಸ ಅಸ್ತ್ರವೊಂದು ತಮ್ಮಲ್ಲಿದೆಯೆಂದು ಸ್ಟಾಲಿನ್ನನಿಗೆ ತಿಳಿಸಿದರು.

1946ಕ್ಕೆ ಒಂದು ಪುಟ ಸಾಲದು, ನಾಲ್ಕು ಪುಟ ಮೀಸಲಿಡಿ. ಸಿದ್ಧಾಂತವು ನಿಜವಾಗಿ ಕೆಲಸ ಮಾಡುವುದನ್ನು ಕಣ್ಣಾರೆ ಕಾಣಬಹುದಾದ ವರ್ಷವೆಂದರೆ ಇದೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಫೆಬ್ರುವರಿ 22ರಂದು ಮಾಸ್ಕೋದ ಅಮೆರಿಕನ್ ರಾಜತಾಂತ್ರಿಕ ಜಾರ್ಜ್ ಕೆನನ್ ತನ್ನ ಸರ್ಕಾರಕ್ಕೆ ಸುದೀರ್ಘ ತಂತಿ ಕಳುಹಿಸಿದನು: ಕಠೋರ ಆಳ್ವಿಕೆಯನ್ನು ಸಮರ್ಥಿಸಿಕೊಳ್ಳಲು ಸೋವಿಯತ್ ನಾಯಕರಿಗೆ ಹೊರಗಿನ ಶತ್ರುವೊಬ್ಬ ಬೇಕೇ ಬೇಕು ಎಂಬುದು ಅದರ ತಿರುಳುಗಳಲ್ಲೊಂದು. ಸೆಪ್ಟೆಂಬರಿನಲ್ಲಿ ವಾಷಿಂಗ್ಟನ್ನಿನ ಸೋವಿಯತ್ ರಾಯಭಾರಿ ನಿಕೊಲಾಯ್ ನೋವಿಕೋವ್ ಮಾಸ್ಕೋಗೆ ಕಳುಹಿಸಿದ ತಂತಿಯಲ್ಲಿ, ಅಮೆರಿಕದ ಏಕಸ್ವಾಮ್ಯ ಬಂಡವಾಳವು ಜಗತ್ತಿನ ಮೇಲೆ ಹಿಡಿತ ಸಾಧಿಸಲು ಹೊರಟಿದೆ ಎಂದಿತ್ತು. ಇವೆರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದಿರಿ. ಇಬ್ಬರೂ ಎದುರಾಳಿಯ ನಡೆಗೆ ಕಾರಣವನ್ನು ಅವನ ಪರಿಸ್ಥಿತಿಯಲ್ಲಿ ಹುಡುಕುವುದಕ್ಕಿಂತ ಹೆಚ್ಚಾಗಿ ಅವನ ವ್ಯವಸ್ಥೆಯ ಹುಟ್ಟುಗುಣದಲ್ಲಿ ಹುಡುಕಿದ್ದಾರೆ. ಒಮ್ಮೆ ಹಾಗೆ ನಂಬಿದ ಮೇಲೆ ಎದುರಿನವನು ಸುಮ್ಮನಿದ್ದರೆ ಸಂಚು, ಬಿಟ್ಟುಕೊಟ್ಟರೆ ಸೋಗು, ಮಾತುಕತೆಗೆ ಕರೆದರೆ ಕಾಲಹರಣ. ಕತ್ತಲಲ್ಲಿ ಹಗ್ಗವನ್ನು ಹಾವೆಂದು ಬಗೆದವನಿಗೆ ಗಾಳಿಗೆ ಹಗ್ಗ ಅಲುಗಿದರೂ ಹೆಡೆಯೆತ್ತಿದಂತೆಯೇ ಕಾಣುತ್ತದೆ. ಈ ಎರಡು ತಂತಿಗಳ ನಡುವೆ, ಮಾರ್ಚ್ 5ರಂದು, ಬ್ರಿಟನ್ನಿನ ಮಾಜಿ ಪ್ರಧಾನಿ ಚರ್ಚಿಲ್ ಅಮೆರಿಕದ ಫುಲ್ಟನ್ನಿನಲ್ಲಿ, ಯೂರೋಪನ್ನು ಇಬ್ಭಾಗಿಸುವ ‘ಕಬ್ಬಿಣದ ಪರದೆ’ ಇಳಿದಿದೆಯೆಂದು ಮಾಡಿದ ಭಾಷಣವನ್ನೂ ಸೇರಿಸಿಕೊಳ್ಳಿ.

ಮುಂದಿನ ಪುಟಗಳಲ್ಲಿ ಒಂದು ಸಾಲಿನಿಂದ ಇನ್ನೊಂದಕ್ಕೆ ಬಾಣದ ಗುರುತು ಹಾಕುತ್ತಾ ಹೋಗಿ. 1947ರ ಮಾರ್ಚ್ 12ರಂದು ಟ್ರೂಮನ್, ಕಮ್ಯುನಿಸಮ್ಮನ್ನು ತಡೆಯಲೆಂದು ಗ್ರೀಸ್ ಮತ್ತು ಟರ್ಕಿಗೆ 40 ಕೋಟಿ ಡಾಲರ್ ನೆರವು ಕೊಡುವಂತೆ ತಮ್ಮ ಸಂಸತ್ತನ್ನು ಕೇಳಿದರು. ಜೂನ್‌ನಲ್ಲಿ ಯುದ್ಧದಿಂದ ನಲುಗಿದ ಯೂರೋಪನ್ನು ಅಮೆರಿಕದ ಹಣದಿಂದ ಮತ್ತೆ ಕಟ್ಟುವ ಮಾರ್ಷಲ್ ಯೋಜನೆಯ ಘೋಷಣೆಯಾಯಿತು. ಹಸಿದ ಯೂರೋಪಿಗೆ ಕೊಟ್ಟ ಅನ್ನವೆಂದು ಎಡ ಅಂಕಣ ಹೇಳಿದರೆ, ಪೂರ್ವ ಯೂರೋಪನ್ನು ಹಣದಿಂದ ಕೊಳ್ಳುವ ಉಪಾಯವೆಂದು ಬಲ ಅಂಕಣ ಹೇಳುತ್ತದೆ. ಸೆಪ್ಟೆಂಬರಿನಲ್ಲಿ ಯೂರೋಪಿನ ಕಮ್ಯುನಿಸ್ಟ್ ಪಕ್ಷಗಳನ್ನು ಮಾಸ್ಕೋದೊಡನೆ ಬೆಸೆಯುವ ಸಂಘಟನೆಯಾದ ಕಾಮಿನ್‌ಫಾರ್ಮ್ ಸ್ಥಾಪನೆಯಾಯಿತು, 1948ರ ಫೆಬ್ರುವರಿಯಲ್ಲಿ ಚೆಕೊಸ್ಲೊವಾಕಿಯಾದ ಅಧಿಕಾರ ಕಮ್ಯುನಿಸ್ಟರ ಕೈಸೇರಿತು. ಜೂನ್‌ನಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್‌ಗಳ ಹಿಡಿತದಲ್ಲಿದ್ದ ಪಶ್ಚಿಮ ಜರ್ಮನಿಯ ವಲಯಗಳಿಗೆ ಹೊಸ ಕರೆನ್ಸಿ ಬಂದ ಬೆನ್ನಲ್ಲೇ, 24ರಂದು, ಸೋವಿಯತ್ ಪಡೆಗಳು, ತಮ್ಮ ವಲಯದ ನಡುವೆ ಇದ್ದ ಪಶ್ಚಿಮ ಬರ್ಲಿನ್ನಿನ ರಸ್ತೆ, ರೈಲು ಮತ್ತು ಜಲಮಾರ್ಗಗಳನ್ನು ಮುಚ್ಚಿದವು. ಸುಮಾರು 20 ಲಕ್ಷ ಜನರ ನಗರಕ್ಕೆ ಆಹಾರ, ಕಲ್ಲಿದ್ದಲುಗಳನ್ನು ವಿಮಾನಗಳಲ್ಲೇ ಸಾಗಿಸಬೇಕಾಯಿತು. ದಿಗ್ಬಂಧನ ತೆರವಾದದ್ದು 1949ರ ಮೇ 12ರಂದು. ಅಷ್ಟರಲ್ಲಿ, ಏಪ್ರಿಲ್ 4ರಂದು, ಅಮೆರಿಕ ಮತ್ತು ಪಶ್ಚಿಮ ಯೂರೋಪಿನ ದೇಶಗಳ ಸೇನಾ ಮೈತ್ರಿಕೂಟವಾದ ನ್ಯಾಟೋ ಹುಟ್ಟಿಯಾಗಿತ್ತು.

ಪೈಪೋಟಿ ಉಲ್ಬಣಗೊಂಡಿದೆ ಎನ್ನಲು ನಾನು ನೋಡುವ ಗುರುತು ಒಂದೇ: ಹಿಂದೆ ಸರಿಯುವ ದಾರಿ ಎಲ್ಲಿ ಮುಚ್ಚಿತು? ಭಾಷಣವನ್ನು ಮರೆಯಬಹುದು, ಆದರೆ ಒಪ್ಪಂದದ ಕರಾರನ್ನೂ ಕಟ್ಟಿದ ಸೇನಾನೆಲೆಯನ್ನೂ ಕಳಚುವುದು ಕಷ್ಟ. 1949ರ ಆಗಸ್ಟ್ 29ರ ಸೋವಿಯತ್ ಅಣುಪರೀಕ್ಷೆ, 1950ರ ಜೂನ್ 25ರಂದು ತೊಡಗಿದ ಕೊರಿಯಾ ಯುದ್ಧ, 1955ರ ಮೇ ತಿಂಗಳಲ್ಲಿ ಪಶ್ಚಿಮ ಜರ್ಮನಿ ನ್ಯಾಟೋ ಸೇರಿದ ಕೆಲವೇ ದಿನಗಳಲ್ಲಿ ಆದ, ಸೋವಿಯತ್ ಬಣದ ಸೇನಾ ಮೈತ್ರಿಯಾದ ವಾರ್ಸಾ ಒಪ್ಪಂದ, ಇವುಗಳಿಗೆ ಕೆಂಪು ಶಾಯಿ ಬಳಸಿ.

ಪುಟದ ಅಡಿಯಲ್ಲಿ ನಮ್ಮಂಥ ದೇಶಗಳಿಗೂ ಜಾಗ ಬಿಡಿ, ಏಕೆಂದರೆ ಯಾವ ಬಣಕ್ಕೂ ಸೇರದವರನ್ನು ಬರಿಯ ಕಾಯಿಗಳೆಂದು ಎಣಿಸುವ ಬರಹಗಳೇ ಹೆಚ್ಚು. ಈ ಪುಸ್ತಕದ ಕಾಲಕ್ಕಿಂತ ಮುಂದಿನದಾದರೂ ಒಂದು ಉದಾಹರಣೆ: ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ನಿರ್ಮಿಸಿದ ಆರ್ಯಭಟ ಉಪಗ್ರಹವು 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಮೇಲೇರಿತು. ಅದೇ ವರ್ಷದ ಆಗಸ್ಟಿನಿಂದ ಅಮೆರಿಕದ ಉಪಗ್ರಹವೊಂದು ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳ ಹಳ್ಳಿಗಳಿಗೆ ಟೆಲಿವಿಷನ್ ಪಾಠಗಳನ್ನು ತಲುಪಿಸಿತು. ಇಬ್ಬರ ಪೈಪೋಟಿಯ ನಡುವೆಯೇ ಭಾರತ ಇಬ್ಬರಿಂದಲೂ ಕೆಲಸ ಮಾಡಿಸಿಕೊಂಡಿತು.

ಕೊನೆಯ ಪುಟಗಳನ್ನು 1962ರ ಅಕ್ಟೋಬರಿಗೆ ಇಡಿ. ಕ್ಯೂಬಾದ ಸೋವಿಯತ್ ಕ್ಷಿಪಣಿಗಳನ್ನು ವಾಷಿಂಗ್ಟನ್ನಿನ ಭಯವಾಗಿ ಎಡ ಅಂಕಣದಲ್ಲಿ ಬರೆಯುವಾಗಲೇ ಟರ್ಕಿಯಲ್ಲಿದ್ದ ಅಮೆರಿಕದ ಜುಪಿಟರ್ ಕ್ಷಿಪಣಿಗಳನ್ನು ಮಾಸ್ಕೋದ ಭಯವಾಗಿ ಬಲಕ್ಕೆ ಬರೆಯಿರಿ. ಮೊದಲನೆಯದನ್ನು ಬಹಿರಂಗವಾಗಿ, ಎರಡನೆಯದನ್ನು ಗುಟ್ಟಾಗಿ ತೆಗೆಸಿದ್ದರಿಂದಲೇ ಆ ಬಿಕ್ಕಟ್ಟು ಇಳಿಯಿತು. 1963ರ ಜೂನ್ 20ರಂದು ಎರಡು ರಾಜಧಾನಿಗಳ ನಡುವೆ ನೇರ ಟೆಲಿಪ್ರಿಂಟರ್ ಸಂಪರ್ಕ ಏರ್ಪಡಿಸುವ ಒಪ್ಪಂದಕ್ಕೆ ಸಹಿ ಬಿತ್ತು. ಪುಸ್ತಕದ ಎರಡೂ ಅಂಕಣಗಳಲ್ಲಿ ಒಂದೇ ಭಯವನ್ನು ಒಂದೇ ಮಾತಿನಲ್ಲಿ ಬರೆಯಬಹುದಾದ ಸಾಲು ಇದು. ಇಬ್ಬರ ನಡುವಿನ ಬಿಗುವು ಸಡಿಲಗೊಂಡ ಮುಂದಿನ ಶಮನದ ಕಾಲಕ್ಕೆ ಬೇರೆ ಪುಸ್ತಕ ತೆರೆಯಿರಿ.