ಎಲ್‌ಎಲ್‌ಬಿಗೆ ಮೊದಲು ಒಂದು ವರ್ಷ: ಯಾವ ಕೆಲಸ ಹಿಡಿಯಬೇಕು?

ಕಾನೂನು ಓದಬೇಕೆಂದು ಗಟ್ಟಿ ಮಾಡಿಕೊಂಡು, ಈ ವರ್ಷವೇ ಸೇರಲಾಗದೆ ಮನೆಯಲ್ಲಿರುವ ಮಕ್ಕಳು ಕಾಸರಗೋಡು, ಮಂಜೇಶ್ವರ ಕಡೆ ಪ್ರತಿ ಮಳೆಗಾಲದಲ್ಲೂ ನನಗೆ ಸಿಗುತ್ತಾರೆ. ಒಬ್ಬನಿಗೆ ರ್‍ಯಾಂಕ್ ಸಾಲಲಿಲ್ಲ. ಇನ್ನೊಬ್ಬಳ ಮನೆಯ ಅಡಿಕೆಗೆ ಕೊಳೆರೋಗ ಬಂದು ಫೀಸಿನ ದುಡ್ಡು ಹೊಂದಲಿಲ್ಲ. "ಒಂದು ವರ್ಷ ಏನು ಮಾಡಲಿ?" ಎಂದು ಕೇಳುತ್ತಾರೆ. ನಾನೂ ಹಾಗೆ ಒಂದು ವರ್ಷ ಹೊರಗೆ ದುಡಿದು ಆಮೇಲೆ ಲಾ ಕಾಲೇಜು ಸೇರಿದವನು. ಬೋರ್ಡಿನಲ್ಲಿ 'ಕಾನೂನು' ಎಂಬ ಶಬ್ದ ಇದೆಯೇ ಎಂದು ನೋಡಿ ಕೆಲಸ ಹುಡುಕಬೇಡಿ. ದಿನವೂ ಜನ ಕಾಗದ ಹಿಡಿದುಕೊಂಡು ಬರುವ ಜಾಗ ಯಾವುದೆಂದು ಹುಡುಕಿ.

ಹಂತ 1: ಮೊದಲು ಕ್ಯಾಲೆಂಡರ್

ಪ್ಲಸ್ ಟು ಮುಗಿಸಿದವರಿಗೆ ಐದು ವರ್ಷದ ಕೋರ್ಸು, ಪದವಿ ಆದವರಿಗೆ ಮೂರು ವರ್ಷದ್ದು. ಹೆಚ್ಚಿನ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಐದು ವರ್ಷದ ಕೋರ್ಸಿಗೆ ಕ್ಲಾಟ್ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಈಚೆಗೆ ಅದು ಡಿಸೆಂಬರ್ ಮೊದಲ ಭಾನುವಾರ ನಡೆಯುತ್ತಿದೆ. 2 ಗಂಟೆ, 120 ಪ್ರಶ್ನೆ, ಹೆಚ್ಚಿನವು ಉದ್ದದ ಇಂಗ್ಲಿಷ್ ಪ್ಯಾರಾ ಓದಿ ಉತ್ತರಿಸುವಂಥವು. ಕೇರಳದ ಸರ್ಕಾರಿ ಲಾ ಕಾಲೇಜುಗಳಿಗೆ ಪ್ರವೇಶ ಪರೀಕ್ಷಾ ಆಯುಕ್ತರ ಪರೀಕ್ಷೆ ಬೇರೆ. ಜೂನ್‌ನಲ್ಲಿ ಕೆಲಸಕ್ಕೆ ಸೇರಿದರೆ ಕ್ಲಾಟ್‌ಗೆ ಕೈಯಲ್ಲಿ ಉಳಿಯುವುದು ಆರೇ ತಿಂಗಳು. ಬೆಳಗ್ಗೆ ಎರಡು ಗಂಟೆ ಓದಿಗೆ ಎತ್ತಿಟ್ಟುಕೊಳ್ಳಿ. ಸಂಜೆ ಬಸ್ಸಿನಲ್ಲಿ ನೇತಾಡಿಕೊಂಡು ಬಂದ ಮೇಲೆ ಪುಸ್ತಕ ಹಿಡಿದರೆ ನಿದ್ದೆಯೇ ಬರುವುದು. ಆ ಎರಡು ಗಂಟೆ ಕಸಿಯುವ ಕೆಲಸವಾದರೆ ಸಂಬಳ ಎಷ್ಟೇ ಇರಲಿ, ಬೇಡ.

ದುಡ್ಡಿನ ಲೆಕ್ಕವೂ ಈಗಲೇ ಆಗಬೇಕು. ಎಲ್‌ಎಲ್‌ಬಿ ರೆಗ್ಯುಲರ್ ಕೋರ್ಸು. ಬಾರ್ ಕೌನ್ಸಿಲ್ ನಿಯಮದಂತೆ ಶೇ 70 ಹಾಜರಿ ಬೇಕು, ಆದ್ದರಿಂದ ಓದುತ್ತಾ ಪೂರ್ಣಾವಧಿ ದುಡಿಯುವುದು ಕಷ್ಟ. ಈ ವರ್ಷದ ಉಳಿತಾಯವೇ ಮೊದಲ ವರ್ಷದ ಹಾಸ್ಟೆಲಿಗೆ ಆಧಾರ.

ಈ ವರ್ಷದ ದುಡಿಮೆಯೂ ವಕೀಲಿಕೆಯ ಅನುಭವವಾಗುತ್ತದೆ ಎಂಬ ತಪ್ಪು ತಿಳಿವಳಿಕೆಯಿದೆ. ಮುನ್ಸಿಫ್, ಅಂದರೆ ಕಿರಿಯ ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷದ ವಕೀಲಿಕೆ ಬೇಕೆಂದು ಸುಪ್ರೀಂ ಕೋರ್ಟ್ 2025ರ ಮೇ 20ರಂದು ತೀರ್ಪು ಕೊಟ್ಟಿತು. ಆ ಲೆಕ್ಕ ಶುರುವಾಗುವುದು ವಕೀಲರಾಗಿ ನೋಂದಣಿಯಾದ ಮೇಲೆ. ಈಗ ಯಾರ ಆಫೀಸಿನಲ್ಲಿ ಎಷ್ಟು ದುಡಿದರೂ ಅದರಲ್ಲಿ ಸೇರುವುದಿಲ್ಲ.

ಹಂತ 2: ಮೇಜಿನ ಮೇಲೆ ಏನು ಬರುತ್ತದೆ ನೋಡಿ

ನಮ್ಮ ಊರಿನ ಮಟ್ಟಿಗೆ ನಾನು ಮೊದಲ ಸ್ಥಾನ ಕೊಡುವುದು ದಸ್ತಾವೇಜು ಬರಹಗಾರರ ಆಫೀಸಿಗೆ. ಮಲಯಾಳದಲ್ಲಿ ಆಧಾರ ಎಳುತ್ತು ಎನ್ನುವ, ಸಬ್‌ರಿಜಿಸ್ಟ್ರಾರ್ ಕಚೇರಿಯ ಬಳಿಯ ಆ ಸಣ್ಣ ಕೋಣೆ. ಕಾಸರಗೋಡು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡದ ಭಾಗ. ಇಲ್ಲಿನ ಎಷ್ಟೋ ಮನೆಗಳ ಟ್ರಂಕಿನಲ್ಲಿರುವ ಪಾಲುಪಟ್ಟಿ, ಗೇಣಿಚೀಟು, ವೀಲುನಾಮೆಗಳು ಕನ್ನಡದಲ್ಲಿವೆ, ಕೂಡಕ್ಷರದಲ್ಲಿ, ಕನ್ನಡ ಅಂಕಿಗಳಲ್ಲಿ, 'ಬಿನ್' (ಇಂಥವರ ಮಗ), 'ಕೋಂ' (ಇಂಥವರ ಹೆಂಡತಿ) ಎಂದು ಸಂಬಂಧ ತೋರಿಸುತ್ತಾ. ಇವತ್ತಿನ ಕಚೇರಿಯ ವ್ಯವಹಾರ ಮಲಯಾಳದಲ್ಲಿ. ಎರಡರ ಮಧ್ಯೆ ಓದಿ ಹೇಳಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ನನಗೆ ಇದು ನಿಜವಾಗಿ ಸಂಕಟದ ವಿಷಯ. ಓದಲಾಗದ ಕಾಗದದಿಂದ ಹಕ್ಕು ಕೇಳುವುದು ಹೇಗೆ?

ಮೂಲಗೇಣಿಯೆಂದರೆ ಶಾಶ್ವತ ಗೇಣಿ, ಚಾಲಗೇಣಿಯೆಂದರೆ ಒಡೆಯ ಬಿಡಿಸಬಹುದಾದ ಗೇಣಿ. ವರ್ಗ ಭೂಮಿಗೆ, ಅಂದರೆ ಕಂದಾಯ ಕಟ್ಟುವ ಸ್ವಂತ ಹಿಡುವಳಿಗೆ, ತಾಗಿದ ನೂರು ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ ತರುವ ಸವಲತ್ತಿಗೆ ಕುಮ್ಕಿ ಎಂದು ಹೆಸರು. 1970ರ ಜನವರಿ 1ರಂದು ಕೇರಳದ ಭೂಸುಧಾರಣೆಯಂತೆ ಗೇಣಿದಾರರ ಭೂಮಿಯಲ್ಲಿ ಒಡೆಯರ ಹಕ್ಕು ಸರ್ಕಾರಕ್ಕೆ ಹೋಗಿ, ಉತ್ತವರಿಗೆ ಲ್ಯಾಂಡ್ ಟ್ರಿಬ್ಯೂನಲ್‌ನಿಂದ ಕ್ರಯ ಸರ್ಟಿಫಿಕೇಟು ಸಿಕ್ಕಿತು. ಒಂದು ಮನೆಯ ಕಟ್ಟಿನಲ್ಲಿ ಹಳೆ ಗೇಣಿಚೀಟಿನಿಂದ ಆ ಸರ್ಟಿಫಿಕೇಟಿನವರೆಗೆ ಕಾಗದಗಳನ್ನು ವರುಷವಾರು ಜೋಡಿಸಿ ನೋಡಿ. ಮುಂದೆ ತರಗತಿಯಲ್ಲಿ ಸ್ವತ್ತು ವರ್ಗಾವಣೆಯ ಪಾಠ ಬಂದಾಗ ಆ ಶಬ್ದಗಳ ಹಿಂದೆ ನಿಮಗೆ ತೋಟ, ಬೇಲಿ, ಅಣ್ಣತಮ್ಮಂದಿರು ಕಾಣುತ್ತಾರೆ.

ಸಂವಿಧಾನದ ಮೂಲ ರಚನೆಯನ್ನು ಸಂಸತ್ತೂ ಕೆಡಿಸುವಂತಿಲ್ಲ ಎಂದು 1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳ ಪೀಠ 7-6ರಲ್ಲಿ ಹೇಳಿದ ಕೇಶವಾನಂದ ಭಾರತೀ ಪ್ರಕರಣ ಹುಟ್ಟಿದ್ದು ಇದೇ ಭೂಸುಧಾರಣೆಯಿಂದ, ಕಾಸರಗೋಡಿನ ಎಡನೀರು ಮಠದಿಂದ. ದೇಶದ ಎಲ್ಲ ಲಾ ಕಾಲೇಜುಗಳಲ್ಲೂ ಓದಿಸುವ ಆ ತೀರ್ಪಿಗೆ ಕಾರಣವಾದ ಮಣ್ಣಿನ ಕಾಗದಗಳು ನಿಮ್ಮ ಪಕ್ಕದ ಮನೆಯ ಟ್ರಂಕಿನಲ್ಲೂ ಇರಬಹುದು.

ನಾನು ಕೆಲಸಕ್ಕೆ ಸೇರಿದ ಎರಡನೇ ತಿಂಗಳಲ್ಲಿ ಒಬ್ಬ ಅಜ್ಜಿ ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ತಂದು, "ಓದಿ ಹೇಳು ಮಗಾ, ಇದರಲ್ಲಿ ನನ್ನ ಅಮ್ಮನ ಹೆಸರು ಉಂಟಾ?" ಎಂದು ಕೇಳಿದರು. ಹುಡುಕಲು ಅರ್ಧ ದಿನ ಹಿಡಿಯಿತು. ಹೆಸರು ಇತ್ತು, ಮೂರನೇ ಪುಟದ ಕೆಳಗೆ, ಹೆಬ್ಬೆಟ್ಟಿನ ಗುರುತಿನ ಪಕ್ಕದಲ್ಲಿ.

ಎರಡನೆಯದು ವಕೀಲರ ಗುಮಾಸ್ತರ ಕೈಕೆಳಗೆ. ವಕೀಲರಿಗಿಂತ ಗುಮಾಸ್ತರ ಜೊತೆ ಎಂದೇ ಹೇಳುತ್ತೇನೆ. ವಕಾಲತ್ತಿಗೆ ಸ್ಟಾಂಪು ಎಷ್ಟು, ನಕಲು ಅರ್ಜಿ ಎಲ್ಲಿ ಕೊಡಬೇಕು, ವಾಯಿದೆ (ಕೇಸಿನ ಮುಂದಿನ ದಿನ) ಬರೆದಿಡುವುದು ಹೇಗೆ, ಸಮನ್ಸು ಯಾಕೆ ಮರಳಿ ಬಂತು, ಇದೆಲ್ಲ ತಿಳಿದಿರುವುದು ಅವರಿಗೆ. ವಿದ್ಯಾನಗರದ ಕೋರ್ಟಿನಲ್ಲಿ ಒಂದು ತಿಂಗಳು ಓಡಾಡಿದರೆ ಕಾಲೇಜಿನಲ್ಲಿ ಸಿಗದ ಪಾಠ ಸಿಗುತ್ತದೆ.

ಸರ್ಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ಹಾಕಿಕೊಡುವ ಅಕ್ಷಯ ಕೇಂದ್ರದ ಕೆಲಸವೂ ಒಳ್ಳೆಯದೇ. ಆದಾಯ ಪ್ರಮಾಣಪತ್ರ, ಪಿಂಚಣಿ, ತೆರಿಗೆ ರಶೀದಿಗೆಂದು ಬರುವ ಜನರ ಕಷ್ಟ ಅಲ್ಲಿ ನೇರ ಕಾಣುತ್ತದೆ. ಸಹಕಾರಿ ಬ್ಯಾಂಕಿನಲ್ಲಿ ತಾತ್ಕಾಲಿಕ ಕೆಲಸ ಸಿಕ್ಕಿದರೆ ಸಾಲ, ಜಾಮೀನು, ಅಡಮಾನ ಕಲಿಯುತ್ತೀರಿ. ಅರೆಕಾನೂನು ಸ್ವಯಂಸೇವಕರು (ಪ್ಯಾರಾ ಲೀಗಲ್ ವಾಲಂಟಿಯರ್) ಆಗಬೇಕೆಂದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ. ಆದರೆ ಅಲ್ಲಿ ಸಿಗುವುದು ಗೌರವಧನ, ಸಂಬಳವಲ್ಲ. ಬೇರೆ ಕೆಲಸದ ಜೊತೆಗೆ ಇಟ್ಟುಕೊಳ್ಳಬಹುದು.

ವಾರಕ್ಕೊಂದು ದಿನ ಬಿಡುವಿದ್ದರೆ ಎಣ್ಮಕಜೆ ಕಡೆ ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ಮನೆಗಳಿಗೆ ನೆರವಾಗುವವರ ಜೊತೆ ಹೋಗಿ ಎಂದು ನಾನು ಒತ್ತಾಯದಿಂದಲೇ ಹೇಳುತ್ತೇನೆ. ಗೇರು ತೋಟಗಳಿಗೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ವಿಷ ಸಿಂಪಡಿಸಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೇ ತಡೆಯಿತು. 2017ರ ಜನವರಿಯಲ್ಲಿ, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಿ ಎಂದಿತು. ಆದರೂ 2022ರಲ್ಲಿ ಅದೇ ಕೋರ್ಟ್ ಮತ್ತೆ ರಾಜ್ಯ ಸರ್ಕಾರವನ್ನು ತರಾಟೆಗೆ ತೆಗೆದುಕೊಳ್ಳಬೇಕಾಯಿತು. ತೀರ್ಪು ಬರುವುದಕ್ಕೂ ದುಡ್ಡು ತಾಯಿಯ ಖಾತೆಗೆ ಬೀಳುವುದಕ್ಕೂ ಮಧ್ಯೆ ಎಷ್ಟು ಕಾಗದ, ಎಷ್ಟು ಬಸ್ ಪ್ರಯಾಣ ಬೇಕೆಂದು ಆ ಮನೆಗಳ ಜಗಲಿಯಲ್ಲಿ ಕೂತರೆ ಗೊತ್ತಾಗುತ್ತದೆ.

ಹಂತ 3: ಮಲಯಾಳ

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮಾತು ಬರುತ್ತದೆ, ಬರಹ ಬರುವುದಿಲ್ಲ. ಊರಿನಲ್ಲೇ ವಕೀಲಿಕೆ ಮಾಡುವ ಮನಸ್ಸಿದ್ದರೆ ಈ ವರ್ಷವೇ ಬರಹ ಕಲಿಯಿರಿ. ದಿನಕ್ಕೊಂದು ಸರ್ಕಾರಿ ನೋಟಿಸನ್ನು ಮಲಯಾಳದಿಂದ ಕನ್ನಡಕ್ಕೆ ಬರೆಯುವುದು ಸಾಕು. ಕನ್ನಡ ಬಿಡಬೇಕೆಂದು ಹೇಳುತ್ತಿಲ್ಲ. ಸಂವಿಧಾನದ 350ನೇ ವಿಧಿಯಂತೆ ಯಾರೂ ತಮ್ಮ ಕುಂದುಕೊರತೆಯ ಅರ್ಜಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗೆ ಕೊಡಬಹುದು. ನೆರೆಯ ಹಿರಿಯರಿಗೆ ಅಂಥ ಅರ್ಜಿ ಕನ್ನಡದಲ್ಲೇ ಬರೆದುಕೊಡಿ. ಉತ್ತರ ಮಲಯಾಳದಲ್ಲಿ ಬಂದರೆ ಓದಿ ಹೇಳುವವರೂ ನೀವೇ ಆಗಬೇಕಲ್ಲ.

ಹಂತ 4: ಸೇರುವ ಮೊದಲು ಬಾಯಿಬಿಟ್ಟು ಕೇಳಿ

ನಾನು ಮೊದಲು ಸೇರಿದ ಆಫೀಸಿನಲ್ಲಿ ಮೂರು ತಿಂಗಳು ಬಿಡಿಗಾಸು ಸಿಗಲಿಲ್ಲ. "ಕಲಿಯುವವನಿಗೆ ಸಂಬಳ ಯಾಕೆ?" ಎಂದರು. ಸಂಕೋಚದಿಂದ ಸುಮ್ಮನಿದ್ದೆ, ಬಸ್ಸಿನ ದುಡ್ಡು ಅಪ್ಪ ಕೊಟ್ಟರು. ತಿಂಗಳಿಗೆ ಎಷ್ಟು, ಯಾವ ತಾರೀಕಿಗೆ, ಬಸ್ ಖರ್ಚು ಯಾರದು, ಪರೀಕ್ಷೆಗೆ ಎಷ್ಟು ದಿನ ರಜೆ, ಇಷ್ಟನ್ನು ಮೊದಲ ದಿನವೇ ಕೇಳಿ. ಹೆಣ್ಣುಮಕ್ಕಳು ಸಂಜೆ ಎಷ್ಟು ಗಂಟೆಗೆ ಬಿಡುತ್ತಾರೆಂದೂ ಕೇಳಲಿ. ಬದಿಯಡ್ಕ, ಪೆರ್ಲ ಕಡೆಗೆ ಕೊನೆಯ ಬಸ್ಸು ತಪ್ಪಿದರೆ ಆಮೇಲೆ ಪರದಾಟ.

ಹಂತ 5: ಸಹಿ ಮತ್ತು ಗುಟ್ಟು

ಇಲ್ಲಿ ಯಾವ ದಾಕ್ಷಿಣ್ಯವೂ ಬೇಡ. ವೀಲುನಾಮೆಗೆ, ದಾನಪತ್ರಕ್ಕೆ ಇಬ್ಬರು ಸಾಕ್ಷಿಗಳು ಬೇಕು. ಆಫೀಸಿನಲ್ಲಿ ಚುರುಕಾಗಿರುವ ಹುಡುಗರನ್ನು ಕರೆದು "ಇಲ್ಲೊಂದು ಸೈನ್ ಹಾಕು" ಎನ್ನುವುದುಂಟು. ಬರೆದುಕೊಡುವವರು ನಿಮ್ಮ ಕಣ್ಣೆದುರು ಸಹಿ ಹಾಕಿದ್ದರೆ ಮಾತ್ರ ಹಾಕಿ. ಹತ್ತು ವರ್ಷದ ನಂತರ ಆ ವೀಲುನಾಮೆ ಕೋರ್ಟಿಗೆ ಬಂದರೆ ಅದನ್ನು ರುಜುವಾತು ಮಾಡಲು ಸಾಕ್ಷಿಯನ್ನೇ ಕರೆಯುತ್ತಾರೆ. ಆಗ ಪ್ರಮಾಣ ಮಾಡಿ ಸುಳ್ಳು ಹೇಳಬೇಕಾದವರು ನೀವು, ಅಷ್ಟರಲ್ಲಿ ಕರಿಕೋಟು ಹಾಕಿರುತ್ತೀರಿ.

ಕಕ್ಷಿದಾರರ ಮಾತು ಆಫೀಸಿನ ಹೊಸ್ತಿಲು ದಾಟಬಾರದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮು ವಕೀಲರಷ್ಟೇ ಅಲ್ಲ, ಅವರ ಗುಮಾಸ್ತರನ್ನೂ ದುಭಾಷಿಗಳನ್ನೂ ಕಟ್ಟಿಹಾಕುತ್ತದೆ. ನಮ್ಮದು ಸಣ್ಣ ಊರು, ಯಾರ ಪಾಲು ಎಷ್ಟೆಂದು ಮದುವೆ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ. "ಗೊತ್ತಿಲ್ಲ" ಎಂದು ಬಿಡಿ.

ಹಂತ 6: ಪುಸ್ತಕ, ಮತ್ತು ಬಿಡುವ ದಿನ

ಇನ್ನೂರು ಪುಟದ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಹೆಸರು, ಸರ್ವೆ ನಂಬ್ರ ಬರೆಯಬೇಡಿ. ಹೊಸ ಶಬ್ದ ಮತ್ತು ಆ ದಿನ ಅರ್ಥವಾಗದ ಪ್ರಶ್ನೆಯನ್ನು ಬರೆಯಿರಿ. ಇಂಟರ್‌ವ್ಯೂ ಇರುವ ಕಾಲೇಜಿನಲ್ಲಿ ಮಾತಾಡಲು ಅದೇ ಸಾಕು. ಬಿಡುವುದನ್ನು ಒಂದು ತಿಂಗಳು ಮೊದಲೇ ಹೇಳಿ, ಯಾವ ಕೆಲಸ ಮಾಡಿದಿರೆಂದು ಒಂದು ಪತ್ರ ಬರೆಸಿಕೊಳ್ಳಿ. ಆದಾಯ, ಜಾತಿ, ನೇಟಿವಿಟಿ ಸರ್ಟಿಫಿಕೇಟುಗಳಿಗೆ ವಿಲೇಜ್ ಆಫೀಸಿನಲ್ಲಿ ಅರ್ಜಿ ಹಾಕುವುದನ್ನು ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ. ಮೇ ತಿಂಗಳಲ್ಲಿ ಅಲ್ಲಿ ಎಲ್ಲ ಮಕ್ಕಳ ಸಾಲೂ ಒಟ್ಟಿಗೇ ಇರುತ್ತದೆ.